ಅರಮನೆಯೂ ಅದರೊಳಗಣ ಊರೂ: ಸ್ಪ್ಲಿಟ್ ಪಟ್ಟಣವನ್ನು ಕುರಿತ ಪ್ರವಾಸ ಗ್ರಂಥಗಳ ಒಂದು ವಿಮರ್ಶೆ

೧

ಪ್ರವಾಸ ಗ್ರಂಥಗಳನ್ನು ನಾವು ಸಾಮಾನ್ಯವಾಗಿ ಎರಡು ಅಳತೆಗೋಲುಗಳಿಂದ ಅಳೆಯುತ್ತೇವೆ. ಗ್ರಂಥಕರ್ತನು ಕೊಟ್ಟ ವಿವರಗಳು ಯಥಾರ್ಥವೇ ಎಂಬುದು ಒಂದು. ಅವನ್ನು ನಿರೂಪಿಸಿದ ರೀತಿ ಸರಸವೇ ಎಂಬುದು ಮತ್ತೊಂದು. ಇವೆರಡೂ ಅವಶ್ಯಕವಾದ ಅಳತೆಗಳೇ. ಆದರೆ ಇವುಗಳಿಂದಲೇ ವಿಮರ್ಶೆ ಪೂರ್ಣವಾಗುವುದಿಲ್ಲ. ದೂರದ ಊರಿಗೆ ಹೋದವನೊಬ್ಬನು ಅಲ್ಲಿಯ ಪ್ರಾಚೀನ ಕಟ್ಟಡವನ್ನು ಅಂಗುಲ ಅಂಗುಲವಾಗಿ ಅಳೆದು ಬಂದಿರಬಹುದು. ಲಲಿತವಾದ ಶೈಲಿಯಲ್ಲಿ ವರ್ಣಿಸಿಯೂ ಇರಬಹುದು. ಹಾಗಿದ್ದೂ ಆ ಊರನ್ನು ಕಾಣದೆಯೇ ಹಿಂದಿರುಗಿರಬಹುದು. ತಾನು ನೋಡಲು ಹೋದ ಪುರಾತನ ವಸ್ತುವಿನ ನಡುವೆ ಇಂದಿನ ಜನ ಬಾಳುತ್ತಿರುವುದನ್ನು ಪ್ರವಾಸಿಯು ಹೇಗೆ ತೆಗೆದುಕೊಂಡನು, ಅವರನ್ನು ಅಡ್ಡಿಯೆಂದು ಭಾವಿಸಿದನೋ, ಕೌತುಕದ ವಸ್ತುವೆಂದು ಭಾವಿಸಿದನೋ, ಅಥವಾ ತನ್ನ ಮಾತಿಗೆ ಮರುಮಾತು ಹೇಳಬಲ್ಲವರೆಂದು ಭಾವಿಸಿದನೋ ಎಂಬ ಮೂರನೆಯ ಪ್ರಶ್ನೆಯನ್ನೂ ವಿಮರ್ಶಕನು ಕೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಸ್ಪ್ಲಿಟ್ ಪಟ್ಟಣಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಇಟಾಲಿಯನ್ ಭಾಷೆಯಲ್ಲಿ ಸ್ಪಲಾತೊ ಎಂದು ಹೆಸರಾದ ಈ ಊರು ೧೪೨೦ರಿಂದ ೧೭೯೭ರವರೆಗೆ ವೆನಿಸ್ ಗಣರಾಜ್ಯದ ಅಧೀನದಲ್ಲಿತ್ತು. ಅನಂತರ ಹೆಚ್ಚು ಕಾಲ, ೧೯೧೮ರವರೆಗೆ, ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು. ಆಮೇಲೆ ಯುಗೋಸ್ಲಾವಿಯಕ್ಕೆ ಸೇರಿ, ೧೯೯೧ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದ ಕ್ರೊಯೇಷಿಯ ದೇಶದ ಭಾಗವಾಗಿದೆ. ಇತರ ಅನೇಕ ಐತಿಹಾಸಿಕ ನಗರಗಳಲ್ಲಿ ಅರಮನೆ ಊರಿನೊಳಗಿರುತ್ತದೆ. ಇಲ್ಲಿ ಊರೇ ಅರಮನೆಯೊಳಗೆ ಹುಟ್ಟಿತು. ಹಾಗಾಗಿ ಇಲ್ಲಿಗೆ ಬಂದ ಪ್ರವಾಸಿಯು ಅರಮನೆಯನ್ನು ನೋಡಬೇಕಾದರೆ ಜನರ ಮನೆಗಳ ನಡುವೆಯೇ ನೋಡಬೇಕು. ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬಂದುಹೋದ ಗ್ರಂಥಕರ್ತರು ಈ ಅನಿವಾರ್ಯತೆಯನ್ನು ಹೇಗೆ ಎದುರಿಸಿದರೆಂಬುದನ್ನು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಸ್ಥಳದ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಳ್ಳುವುದು ಯುಕ್ತ. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನು ಈ ಪ್ರಾಂತದಲ್ಲೇ ಹುಟ್ಟಿದವನು. ಕ್ರಿ.ಶ. ೩೦೫ರಲ್ಲಿ ಅವನು ತಾನಾಗಿ ಸಿಂಹಾಸನವನ್ನು ತ್ಯಜಿಸಿ, ಸಲೋನ ಎಂಬ ಪ್ರಾಂತೀಯ ರಾಜಧಾನಿಯ ಸಮೀಪದಲ್ಲಿ ಕಡಲಂಚಿಗೆ ತನಗಾಗಿ ಕಟ್ಟಿಸಿಕೊಂಡಿದ್ದ ಈ ಅರಮನೆಯಲ್ಲಿ ಕೊನೆಯ ದಿನಗಳನ್ನು ಕಳೆದನು. ಸ್ಥೂಲವಾಗಿ ೨೧೫ ಮೀಟರ್ ಉದ್ದ, ೧೮೦ ಮೀಟರ್ ಅಗಲದ ಆಯಾಕಾರದ ಆವರಣ. ಸುತ್ತ ಎತ್ತರವಾದ ಕೋಟೆಗೋಡೆ. ನಾಲ್ಕು ದಿಕ್ಕಿಗೂ ದ್ವಾರಗಳು. ಇವಕ್ಕೆ ಚಿನ್ನದ ಬಾಗಿಲು, ಬೆಳ್ಳಿಯ ಬಾಗಿಲು, ಕಬ್ಬಿಣದ ಬಾಗಿಲು, ಕಂಚಿನ ಬಾಗಿಲು ಎಂಬ ಹೆಸರುಗಳು ಅನಂತರದ ಕಾಲದಲ್ಲಿ ರೂಢಿಗೆ ಬಂದವು. ದಕ್ಷಿಣದ ಗೋಡೆ ಒಂದು ಕಾಲದಲ್ಲಿ ನೇರವಾಗಿ ಸಮುದ್ರದ ನೀರಿನಿಂದಲೇ ಮೇಲೆದ್ದಿತ್ತು. ಇಂದು ಅದರ ಮುಂದೆ ಮಣ್ಣು ತುಂಬಿ ನಿರ್ಮಿಸಿದ ವಿಹಾರಪಥವಿದೆ.

ಏಳನೆಯ ಶತಮಾನದ ಮೊದಲರ್ಧದಲ್ಲಿ ಆವಾರ್ ಮತ್ತು ಸ್ಲಾವ್ ಜನಾಂಗಗಳ ಧಾಳಿಗೆ ಸಿಕ್ಕಿ ಸಲೋನ ನಗರ ನಾಶವಾಯಿತು. ಅಲ್ಲಿಂದ ತಪ್ಪಿಸಿಕೊಂಡವರು ಬಂದು ಅರಮನೆಯ ಗೋಡೆಗಳ ಮರೆಯಲ್ಲಿ ನೆಲಸಿದರು. ಅವರ ಕೈಯಲ್ಲಿ ಕಟ್ಟಡದ ಒಂದೊಂದು ಭಾಗವೂ ಹೊಸ ಅರ್ಥವನ್ನು ಪಡೆಯಿತು. ಚಕ್ರವರ್ತಿಗಾಗಿ ಕಟ್ಟಿದ ಅಷ್ಟಕೋನದ ಸಮಾಧಿಮಂದಿರ ಬಿಷಪ್ಪನ ಪ್ರಧಾನ ಚರ್ಚಾಯಿತು. ಜೂಪಿಟರನ ಗುಡಿಯೆಂದು ಹೇಳಲಾಗುವ ಕಟ್ಟಡ ಕ್ರೈಸ್ತ ದೀಕ್ಷಾಸ್ನಾನದ ಮಂದಿರವಾಯಿತು. ಡಯೊಕ್ಲೀಷಿಯನ್ನನು ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ. ಅವನ ಆಜ್ಞೆಯ ಕಾಲದಲ್ಲಿ, ೩೦೪ರಲ್ಲಿ, ಪ್ರಾಣತೆತ್ತ ಸಲೋನದ ಬಿಷಪ್ ಡೊಮ್ನಿಯಸನೇ ಆ ಚರ್ಚಿನ ಅಧಿದೈವವಾದ ಸಂತನಾದನು. ಚಕ್ರವರ್ತಿಯ ದೇಹ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಅವನ ಸಮಾಧಿಯಲ್ಲಿ ಅವನಿಂದ ಹತನಾದವನಿಗೆ ಪೂಜೆ ನಡೆಯುತ್ತಿದೆ. ಅದೇ ಚರ್ಚಿಗೆ ೧೨೧೪ರಲ್ಲಿ ಆಂದ್ರಿಯ ಬುವಿನ ಎಂಬ ಶಿಲ್ಪಿ ಕ್ರಿಸ್ತಚರಿತ್ರೆಯ ೨೮ ದೃಶ್ಯಗಳನ್ನು ಕೆತ್ತಿದ ಮರದ ಕದಗಳನ್ನು ಮಾಡಿಕೊಟ್ಟನು. ಕಾವಲುಗಾರರು ಓಡಾಡುತ್ತಿದ್ದ ಚಿನ್ನದ ಬಾಗಿಲಿನ ಮೇಲಣ ಇಕ್ಕಟ್ಟಾದ ಹಾದಿಯಲ್ಲಿ ಸಂತ ಮಾರ್ಟಿನನ ಪುಟ್ಟ ಪೂಜಾಮಂದಿರ ಎದ್ದಿತು. ಪಡಸಾಲೆಯ ಕಮಾನುಗಳಿಗೆ ಗೋಡೆ ತುಂಬಿ, ಕಿಟಕಿ ಇಟ್ಟು, ಮನೆಗಳು ಬೆಳೆದವು.

ಈ ನೆಲಸುವಿಕೆಯ ವೃತ್ತಾಂತವನ್ನು ನಮಗೆ ಮೊದಲು ಸವಿಸ್ತಾರವಾಗಿ ಹೇಳಿದವನು ಅದೇ ಊರಿನವನಾದ ಆರ್ಚ್‌ಡೀಕನ್ ತೋಮಾ. ೧೨೬೮ರಲ್ಲಿ ತೀರಿಕೊಂಡ ಇವನು ಲ್ಯಾಟಿನ್ನಿನಲ್ಲಿ ಬರೆದ ಸಲೋನದ ಇತಿಹಾಸದಲ್ಲಿ, ನಿರಾಶ್ರಿತರು ಅರಮನೆಯನ್ನು ಹಂಚಿಕೊಂಡ ರೀತಿಯನ್ನು ತಿಳಿಸುತ್ತಾನೆ: ಅನುಕೂಲವುಳ್ಳವರು ಸ್ವಂತ ಮನೆಗಳನ್ನು ಕಟ್ಟಿಕೊಂಡರು; ಅಷ್ಟು ಶಕ್ತಿಯಿಲ್ಲದವರು ಗೋಡೆಯ ಬುರುಜುಗಳಲ್ಲಿ ಸೇರಿದರು; ಉಳಿದ ಸಾಮಾನ್ಯ ಜನ ಕಮಾನು ಛಾವಣಿಯ ನೆಲಮಾಳಿಗೆಗಳಲ್ಲಿ ವಾಸಮಾಡಿದರು. ಈ ವೃತ್ತಾಂತದಲ್ಲಿ ಐತಿಹ್ಯದ ಅಂಶ ಸೇರಿರುವುದು ನಿಜ. ಆದರೆ ಅವನ ದೃಷ್ಟಿಯನ್ನು ಗಮನಿಸಬೇಕು. ತೋಮಾನಿಗೆ ಅರಮನೆ ಹಾಳುಬಿದ್ದ ಅವಶೇಷವಲ್ಲ. ಪ್ರಾಣ ಉಳಿಸಿದ ಆಶ್ರಯ. ಕಲ್ಲಿನ ಕಟ್ಟಡವೊಂದನ್ನು ಅದರಲ್ಲಿ ಯಾರು ಯಾರು ಎಲ್ಲೆಲ್ಲಿ ತಲೆಯೂರಿದರು ಎಂಬ ಲೆಕ್ಕದಿಂದ ವರ್ಣಿಸುವುದು ಒಳಗಿನವನ ಕ್ರಮ. ಹೊರಗಿನಿಂದ ಬಂದವರ ಕ್ರಮ ಬೇರೆಯಾಯಿತು.

೩

ಹೊರಗಿನಿಂದ ಬಂದವರಲ್ಲಿ ಅಗ್ರಗಣ್ಯನು ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್. ಇಟಲಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ಆಡಮನು ೧೭೫೭ರ ಜುಲೈ ತಿಂಗಳಲ್ಲಿ ಫ್ರೆಂಚ್ ಚಿತ್ರಕಾರ ಕ್ಲೆರಿಸೋ ಮತ್ತು ಇಬ್ಬರು ನಕ್ಷೆಗಾರರೊಡನೆ ವೆನಿಸ್ಸಿನಿಂದ ಹಡಗೇರಿ ಸ್ಪ್ಲಿಟ್ ತಲಪಿದನು. ಅಲ್ಲಿಯ ವೆನಿಸ್ ಅಧಿಕಾರಿಗೆ ಇವರು ಕೋಟೆಯ ನಕ್ಷೆ ತೆಗೆಯಲು ಬಂದ ಗೂಢಚಾರರೆಂಬ ಸಂಶಯ ಹುಟ್ಟಿತು. ಕೆಲಸ ನಿಂತುಹೋಗುವ ಸಂಭವವಿತ್ತು. ವೆನಿಸ್ಸಿನ ಸೇನೆಯಲ್ಲಿ ಉನ್ನತ ಪದವಿಯಲ್ಲಿದ್ದ ಗ್ರೇಮ್ ಎಂಬ ಸ್ಕಾಟ್ ದಳಪತಿಯ ಮಧ್ಯಸ್ಥಿಕೆಯಿಂದ ಅನುಮತಿ ದೊರೆಯಿತು. ಐದು ವಾರಗಳಲ್ಲಿ ಕೆಲಸ ಮುಗಿಯಿತು. ಅದರ ಫಲವಾದ ಗ್ರಂಥ ೧೭೬೪ರಲ್ಲಿ ಲಂಡನ್ನಿನಲ್ಲಿ, ಮೂರನೆಯ ಜಾರ್ಜ್ ದೊರೆಗೆ ಅರ್ಪಿತವಾಗಿ, ೬೧ ಚಿತ್ರಫಲಕಗಳೊಡನೆ ಪ್ರಕಟವಾಯಿತು. ಅದರ ಗದ್ಯಭಾಗದ ರಚನೆಯಲ್ಲಿ ಆಡಮನ ಬಂಧುವೂ ಪ್ರಸಿದ್ಧ ಇತಿಹಾಸಕಾರನೂ ಆದ ವಿಲಿಯಂ ರಾಬರ್ಟ್‌ಸನ್ನನ ನೆರವಿತ್ತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಆಡಮನ ಉದ್ದೇಶ ಶ್ಲಾಘ್ಯವಾದುದು. ಪ್ರಾಚೀನರ ದೇವಾಲಯ, ಸ್ನಾನಗೃಹ, ರಂಗಮಂದಿರಗಳ ವಿಷಯ ತಿಳಿದಿದ್ದರೂ ಅವರು ವಾಸಿಸುತ್ತಿದ್ದ ಮನೆಗಳ ಸ್ವರೂಪ ತಿಳಿಯದು. ಆ ಕೊರತೆಯನ್ನು ತುಂಬಲು ಈ ಅರಮನೆಯೇ ಸಾಧನ ಎಂಬುದು ಅವನ ವಾದ. ಹಾಗಾದರೆ ಅವನು ಅರಸಿ ಹೋದದ್ದು ವಾಸಗೃಹವನ್ನು. ಅವನ ಕಣ್ಣೆದುರಿಗೇ ಆ ಗೃಹದಲ್ಲಿ ಸಾವಿರಾರು ಜನ ವಾಸಿಸುತ್ತಿದ್ದರು. ಆದರೆ ಅವರನ್ನು ಕುರಿತು ಪ್ರಸ್ತಾವನೆಯಲ್ಲಿ ಬರುವುದು ಮುಖ್ಯವಾಗಿ ಒಂದು ಆಕ್ಷೇಪಣೆ: ಊರಿನವರು ಕಲ್ಲಿಗಾಗಿ ಅರಮನೆಯ ಭಾಗಗಳನ್ನು ಕೆಡವಿದ್ದಾರೆ, ಹಳೆಯ ಅಡಿಪಾಯಗಳ ಮೇಲೆ ಮನೆ ಕಟ್ಟಿದ್ದಾರೆ, ಹೊಸದು ಹಳೆಯದರೊಡನೆ ಬೇರ್ಪಡಿಸಲಾಗದಂತೆ ಬೆರೆತುಹೋಗಿದೆ. ವಾಸ್ತುಶಿಲ್ಪಿಯ ಕೆಲಸಕ್ಕೆ ಇದು ತೊಡಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬೆರೆತ ಸ್ಥಿತಿಯೇ ಊರಿನ ಚರಿತ್ರೆ ಎಂಬ ಆಲೋಚನೆ ಅವನಿಗೆ ಹೊಳೆಯಲಿಲ್ಲ.

ಚಿತ್ರಫಲಕಗಳಲ್ಲಿ ಈ ದ್ವಂದ್ವ ಸ್ಪಷ್ಟವಾಗಿ ಕಾಣುತ್ತದೆ. ಗ್ರಂಥದಲ್ಲಿ ಎರಡು ಬಗೆಯ ಚಿತ್ರಗಳಿವೆ. ಕೆಲವು, ಕಟ್ಟಡ ಅಂದು ಇದ್ದಂತೆ ತೋರಿಸುವ ದೃಶ್ಯಗಳು. ಇವುಗಳಲ್ಲಿ ಮನೆಗಳಿವೆ, ನಡೆದಾಡುವ ಜನರಿದ್ದಾರೆ. ಮತ್ತೆ ಕೆಲವು, ಅರಮನೆ ಮೊದಲಿಗೆ ಹೇಗಿದ್ದಿರಬೇಕೆಂದು ಆಡಮನು ಊಹಿಸಿ ಪೂರ್ಣಗೊಳಿಸಿದ ನಕ್ಷೆಗಳು. ಇವುಗಳಲ್ಲಿ ಒಂದು ಮನೆಯೂ ಇಲ್ಲ, ಚರ್ಚಿನ ಗಂಟೆಗೋಪುರವೂ ಇಲ್ಲ. ಮೊದಲ ಬಗೆಯಲ್ಲಿ ಜನ ಚಿತ್ರಕ್ಕೆ ಅಲಂಕಾರ. ಎರಡನೆಯ ಬಗೆಯಲ್ಲಿ ಅವರು ಅನವಶ್ಯಕ. ಯೂರೋಪಿನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು ಎರಡನೆಯ ಬಗೆ. ಆಡಮನು ತನ್ನ ಸೋದರರೊಡನೆ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ೧೭೬೮ರಿಂದ ಕಟ್ಟಿಸಿದ ಅಡೆಲ್ಫಿ ಎಂಬ ಭವನಶ್ರೇಣಿಯಲ್ಲಿ ಸ್ಪ್ಲಿಟ್ಟಿನ ಕಡಲಮುಖದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಊರಿಲ್ಲದ ಅರಮನೆ ಗ್ರಂಥದಿಂದ ಹೊರಟು ಮತ್ತೊಂದು ನಗರದಲ್ಲಿ ನೆಲೆ ಕಂಡಿತು.

ಇಲ್ಲಿ ಆಡಮನಿಗೆ ಅನ್ಯಾಯವಾಗದಂತೆ ಎಚ್ಚರ ವಹಿಸಬೇಕು. ಅವನ ಅಳತೆಗಳಿಲ್ಲದಿದ್ದರೆ ಹದಿನೆಂಟನೆಯ ಶತಮಾನದಲ್ಲಿ ಕಟ್ಟಡದ ಸ್ಥಿತಿ ಹೇಗಿತ್ತೆಂಬ ಅಮೂಲ್ಯ ದಾಖಲೆ ನಮಗೆ ಇಲ್ಲವಾಗುತ್ತಿತ್ತು. ಅವನ ಮಿತಿಯನ್ನು ಮುಂದಿನ ಸಂಶೋಧನೆಯೇ ತೋರಿಸಿಕೊಟ್ಟಿದೆ. ಚಕ್ರವರ್ತಿಯ ಸ್ವಂತ ವಾಸದ ಕೋಣೆಗಳು ಮೇಲಂತಸ್ತಿನಲ್ಲಿದ್ದು ಬಹುಮಟ್ಟಿಗೆ ನಾಶವಾಗಿದ್ದವು. ಆಡಮನು ಅವುಗಳ ವಿನ್ಯಾಸವನ್ನು ಊಹೆಯಿಂದ ತುಂಬಿದನು. ಆ ಕೋಣೆಗಳ ಅಡಿಯಲ್ಲಿ ಅದೇ ವಿನ್ಯಾಸವನ್ನು ಅನುಸರಿಸಿದ ನೆಲಮಾಳಿಗೆಯ ಅಂಕಣಗಳಿದ್ದವು. ಮೇಲೆ ಮನೆ ಮಾಡಿಕೊಂಡಿದ್ದ ಊರಿನವರು ಶತಮಾನಗಳ ಕಾಲ ತಮ್ಮ ಕಸಕಡ್ಡಿಯನ್ನು ಅವುಗಳೊಳಗೆ ಸುರಿಯುತ್ತ ಬಂದಿದ್ದರು. ೧೯೫೦ರ ದಶಕದಿಂದ ವ್ಯವಸ್ಥಿತವಾಗಿ ಆ ರಾಶಿಯನ್ನು ತೆಗೆದಾಗ, ಭರ್ತಿಯಾಗಿದ್ದುದರಿಂದಲೇ ಕೆಡದೆ ಉಳಿದಿದ್ದ ಅಂಕಣಗಳು ಹೊರಬಂದವು. ಅವುಗಳಿಂದ ಮೇಲಂತಸ್ತಿನ ವಿನ್ಯಾಸವನ್ನು ತಿಳಿಯುವುದು ಸಾಧ್ಯವಾಯಿತು. ಅರಮನೆಯನ್ನು ಕೆಡಿಸಿದವರೆಂದು ಆಡಮನು ದೂರಿದ ಜನರೇ, ತಮಗೆ ತಿಳಿಯದೆ, ಅವನು ಊಹಿಸಬೇಕಾಗಿ ಬಂದ ಭಾಗದ ಪ್ರಮಾಣವನ್ನು ಕಾಪಾಡಿಕೊಟ್ಟಿದ್ದರು.

೪

ಆಡಮನ ಗ್ರಂಥ ಬಂದ ಹತ್ತು ವರ್ಷಗಳಿಗೆ, ೧೭೭೪ರಲ್ಲಿ, ಪಾದುವ ನಗರದ ಪಾದ್ರಿ ಆಲ್ಬರ್ತೊ ಫೋರ್ಟಿಸನ ಡಾಲ್ಮೇಷಿಯ ಪ್ರವಾಸ ಎಂಬ ಗ್ರಂಥ ವೆನಿಸ್ಸಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಫೋರ್ಟಿಸನು ಪ್ರಕೃತಿವಿಜ್ಞಾನಿ, ಶಿಲೆ, ಮೀನು, ಕೃಷಿ, ಜನಜೀವನ ಎಲ್ಲದರಲ್ಲೂ ಆಸಕ್ತಿಯುಳ್ಳವನು. ಸ್ಪ್ಲಿಟ್ಟಿನ ಅರಮನೆಯ ವಿಷಯದಲ್ಲಿ ಅವನು ಹೇಳಿದ ಒಂದು ಮಾತು ವಿಮರ್ಶೆಯ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ಆಡಮನು ತನ್ನ ಕುಂಚದ ಮತ್ತು ಕೆತ್ತನೆಯ ಸೊಬಗನ್ನು ಆ ಅವಶೇಷಗಳಿಗೆ ಧಾರಾಳವಾಗಿ ದಾನ ಮಾಡಿದ್ದಾನೆ. ವಾಸ್ತವವಾಗಿ ಉಳಿಯ ಕೆಲಸ ಒರಟು, ಆ ಕಾಲದ ಅಭಿರುಚಿ ಕುಂದಿದ್ದು ಕಟ್ಟಡದಲ್ಲೇ ಕಾಣುತ್ತದೆ ಎಂಬುದು ಅವನ ಅಭಿಪ್ರಾಯದ ಸಾರಾಂಶ. ಚಿತ್ರ ವಸ್ತುವಿಗಿಂತ ಚೆಲುವಾಗಿದೆ ಎಂದು ಸ್ಥಳವನ್ನು ಕಂಡವನೇ ಸಾಕ್ಷಿ ನುಡಿದಂತಾಯಿತು.

ಫೋರ್ಟಿಸನ ಗ್ರಂಥಕ್ಕೆ ಖ್ಯಾತಿ ಬಂದದ್ದು ಬೇರೆ ಭಾಗದಿಂದ. ಕರಾವಳಿಯ ಹಿಂದಣ ಗುಡ್ಡಗಾಡಿನಲ್ಲಿ ವಾಸಿಸುತ್ತಿದ್ದ ಮೊರ್ಲಾಕರೆಂಬ ಜನರ ಆಚಾರವ್ಯವಹಾರಗಳನ್ನು ಕುರಿತು ಅವನೊಂದು ದೀರ್ಘ ಪ್ರಕರಣವನ್ನು ಬರೆದನು. ಹಸನಾಗಾನ ಹೆಂಡತಿಯನ್ನು ಕುರಿತ ಒಂದು ಕಥನಗೀತವನ್ನು ಮೂಲಭಾಷೆಯಲ್ಲೂ ಇಟಾಲಿಯನ್ ಅನುವಾದದಲ್ಲೂ ಕೊಟ್ಟನು. ಆ ಗೀತವನ್ನು ಗಯಟೆ ಜರ್ಮನ್ ಭಾಷೆಗೆ ತಂದನು. ೧೭೭೮ರಲ್ಲಿ ಹೆರ್ಡರನ ಜಾನಪದ ಗೀತಸಂಗ್ರಹದಲ್ಲಿ ಅದು ಸೇರಿ ಯೂರೋಪಿನಲ್ಲೆಲ್ಲ ಹರಡಿತು. ಆಡಮನು ಬಿಟ್ಟಿದ್ದ ಜನರನ್ನು ಫೋರ್ಟಿಸನು ಗ್ರಂಥದೊಳಕ್ಕೆ ಕರೆತಂದನೆಂಬುದು ನಿರ್ವಿವಾದ. ಆದರೆ ಯಾವ ಸ್ಥಾನದಲ್ಲಿ ಕೂರಿಸಿದನು? ನಾಗರಿಕತೆಯ ಕಲುಷ ತಟ್ಟದ, ಸರಳರೂ ಆತಿಥ್ಯಶೀಲರೂ ಆದ ಜನರೆಂದು ಅವರನ್ನು ಅಂದಿನ ವಿದ್ವತ್ಸಮಾಜಕ್ಕೆ ಪರಿಚಯಿಸಿದನು. ಇದು ನಿಂದೆಯಲ್ಲ, ಮೆಚ್ಚುಗೆಯೇ. ಆದರೂ ಆ ಮೆಚ್ಚುಗೆ ಪಡೆದವರು ಅದನ್ನು ಓದಿ ಉತ್ತರ ಹೇಳಬಹುದೆಂಬ ಭಾವನೆ ಗ್ರಂಥದಲ್ಲಿ ಇಲ್ಲ.

ಈ ಎರಡು ಗ್ರಂಥಗಳು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮತ್ತೊಂದು ಮಾರ್ಗದಿಂದ ಪರಿಚಿತವಾಗಿವೆ. ಎಡ್ವರ್ಡ್ ಗಿಬ್ಬನ್ನನು ರೋಮ್ ಸಾಮ್ರಾಜ್ಯದ ಅವನತಿಯ ಇತಿಹಾಸದಲ್ಲಿ ಡಯೊಕ್ಲೀಷಿಯನ್ನನ ನಿವೃತ್ತಿಯನ್ನು ವಿವರಿಸುವಾಗ ಅರಮನೆಯ ವರ್ಣನೆಗೆ ಆಡಮನನ್ನು ಅವಲಂಬಿಸುತ್ತಾನೆ. ಒಡನೆಯೇ ಫೋರ್ಟಿಸನ ಮಾತನ್ನು ನೆನೆದು, ಆಡಮನ ಚಿತ್ರಗಳು ವಸ್ತುವನ್ನು ಉಬ್ಬಿಸಿ ತೋರಿಸಿರಬಹುದೆಂದು ಶಂಕಿಸುತ್ತಾನೆ. ಇದು ಇತಿಹಾಸಕಾರನಿಗೆ ಉಚಿತವಾದ ವಿವೇಕ. ಆದರೆ ಅಲ್ಲಿಯ ಅಡಿಟಿಪ್ಪಣಿಯನ್ನು ಗಮನಿಸಿದ ವಾಚಕರಿಗೆ ಒಂದು ಸ್ವಾರಸ್ಯ ಕಾಣುತ್ತದೆ. ಸಮೀಪದ ಹೊಳೆಯಲ್ಲಿ ರುಚಿಯಾದ ಮೀನು ಸಿಗುತ್ತದೆಂಬುದನ್ನೂ, ಸ್ಪ್ಲಿಟ್ಟಿನ ಗಣ್ಯರು ಕೂಡಿ ಊರ ಬಳಿ ಒಂದು ಪ್ರಾಯೋಗಿಕ ಬೇಸಾಯದ ಕ್ಷೇತ್ರವನ್ನು ಸ್ಥಾಪಿಸಿದ್ದಾರೆಂಬುದನ್ನೂ ಗಿಬ್ಬನ್ನನು ಫೋರ್ಟಿಸನಿಂದ ಎತ್ತಿಕೊಂಡು ಟಿಪ್ಪಣಿಯಲ್ಲಿ ಇಡುತ್ತಾನೆ. ಚಕ್ರವರ್ತಿಗೆ ಮೂಲಪಾಠದಲ್ಲಿ ಸ್ಥಾನ. ಅದೇ ನೆಲದಲ್ಲಿ ಕೃಷಿ ಸುಧಾರಣೆಗೆ ಯತ್ನಿಸುತ್ತಿದ್ದ ಸಮಕಾಲೀನರಿಗೆ ಮೀನಿನ ಪಕ್ಕದಲ್ಲಿ ಅಡಿಟಿಪ್ಪಣಿ. ಸ್ಪ್ಲಿಟ್ಟನ್ನು ಎಂದೂ ಕಾಣದ ಗಿಬ್ಬನ್ನನನ್ನು ಇದಕ್ಕಾಗಿ ದೂರುವುದು ಸಲ್ಲದು. ಅವನು ನಂಬಿದ ಪ್ರವಾಸಿಗಳು ಹಾಕಿಕೊಟ್ಟ ಕ್ರಮವೇ ಅದು.

೫

ಗಿಬ್ಬನ್ನನ ಮೊದಲ ಸಂಪುಟ ಲಂಡನ್ನಿನಲ್ಲಿ ಹೊರಬಿದ್ದ ೧೭೭೬ರಲ್ಲೇ ವೆನಿಸ್ಸಿನಲ್ಲಿ ಮತ್ತೊಂದು ಪುಸ್ತಕ ಅಚ್ಚಾಯಿತು. ಅದರ ಕರ್ತೃ ಇವಾನ್ ಲೊವ್ರಿಚ್. ಸ್ಪ್ಲಿಟ್ಟಿನ ಹಿಂಬದಿಯ ಗುಡ್ಡಗಳಾಚೆಯ ಸಿನ್ ಎಂಬ ಊರಿನವನು. ಆಗ ಅವನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಮರುವರ್ಷವೇ, ೧೭೭೭ರಲ್ಲಿ, ತೀರಿಕೊಂಡನು. ಅವನು ಬರೆದದ್ದು ಪ್ರವಾಸ ಗ್ರಂಥವಲ್ಲ, ಪ್ರವಾಸ ಗ್ರಂಥವೊಂದರ ವಿಮರ್ಶೆ. ಫೋರ್ಟಿಸನು ತನ್ನ ನಾಡನ್ನೂ ಜನರನ್ನೂ ಕುರಿತು ಬರೆದ ವಿಷಯಗಳನ್ನು ಎತ್ತಿಕೊಂಡು, ಎಲ್ಲಿ ತಪ್ಪಾಗಿದೆ, ಎಲ್ಲಿ ಒಂದೆಡೆ ಕಂಡದ್ದನ್ನು ಎಲ್ಲೆಡೆಗೂ ಹಬ್ಬಿಸಲಾಗಿದೆ ಎಂದು ವಿಚಾರಿಸುತ್ತಾನೆ. ಪುಸ್ತಕದಲ್ಲಿ ಸೊಚಿವಿತ್ಸ ಎಂಬ ಹೈದುಕನ, ಎಂದರೆ ಕಾಡು ಸೇರಿ ಶಸ್ತ್ರ ಹಿಡಿದವನ, ಜೀವನಚರಿತ್ರೆಯನ್ನೂ ಸೇರಿಸಿದ್ದಾನೆ.

ಲೊವ್ರಿಚನ ಪುಸ್ತಕ ಫೋರ್ಟಿಸನದರಷ್ಟು ಪ್ರೌಢವಾದುದೆಂದು ಹೇಳಲಾಗದು. ಯೌವನದ ಆವೇಶ, ವಾದದಲ್ಲಿ ಹರಿತ ಹೆಚ್ಚು. ಅವನೂ ಇಟಾಲಿಯನ್ನಿನಲ್ಲೇ ಬರೆದವನು, ಅನುಕೂಲವಂತ ಮನೆತನದವನು, ಕುರಿ ಕಾಯುವ ಮೊರ್ಲಾಕನ ದನಿ ಅವನದೆಂದು ಭಾವಿಸುವುದೂ ತಪ್ಪಾದೀತು. ಆದರೆ ಅವನ ಕೃತಿಯ ಮಹತ್ತ್ವ ತಿದ್ದುಪಡಿಗಳ ಸಂಖ್ಯೆಯಲ್ಲಿ ಇಲ್ಲ. ವರ್ಣಿತವಾದ ನಾಡಿನವನೊಬ್ಬನು ವರ್ಣಿಸಿದವನ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದೇ ಭಾಷೆಯಲ್ಲಿ, ಅದೇ ನಗರದ ಮುದ್ರಣಾಲಯದಿಂದ, ಎರಡೇ ವರ್ಷಗಳಲ್ಲಿ ಉತ್ತರ ಕೊಟ್ಟನೆಂಬುದು ಮುಖ್ಯ. ಅಲ್ಲಿಯವರೆಗೆ ಪ್ರವಾಸಿಯ ಮಾತನ್ನು ಪರೀಕ್ಷಿಸುವವನು ಮತ್ತೊಬ್ಬ ಪ್ರವಾಸಿ. ಆಡಮನನ್ನು ಫೋರ್ಟಿಸನು ತಿದ್ದಿದನು. ಲೊವ್ರಿಚನಲ್ಲಿ ಮೊದಲ ಬಾರಿಗೆ ಆ ಅಧಿಕಾರವನ್ನು ಅಲ್ಲಿಯ ನಿವಾಸಿ ಕೇಳುತ್ತಾನೆ. ಪ್ರವಾಸ ಸಾಹಿತ್ಯದ ಚರಿತ್ರೆಯನ್ನು ಬೋಧಿಸುವಾಗ ಆಡಮ್, ಫೋರ್ಟಿಸ್, ಗಿಬ್ಬನ್ ಇವರ ಹೆಸರುಗಳ ಜೊತೆಗೆ ಈ ತರುಣನ ಹೆಸರನ್ನೂ ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ.

ಒಳಗಿನವರ ವಿದ್ವತ್ತಿಗೆ ಇದಕ್ಕಿಂತ ಹಳೆಯ ನಿದರ್ಶನವೂ ಉಂಟು. ಸ್ಪ್ಲಿಟ್ಟಿನಲ್ಲಿ ೧೪೫೦ರಲ್ಲಿ ಹುಟ್ಟಿ ೧೫೨೪ರಲ್ಲಿ ತೀರಿಕೊಂಡ ಮಾರ್ಕೊ ಮರುಲಿಚ್ ಕ್ರೊಯೇಷಿಯನ್ ಸಾಹಿತ್ಯದ ಜನಕನೆಂದು ಕೀರ್ತಿತನಾದ ಕವಿ. ಅವನು ೧೫೦೧ರಲ್ಲಿ ಮುಗಿಸಿದ, ೧೫೨೧ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಯೂದಿತ ಎಂಬ ಕಾವ್ಯ ಶತ್ರುಸೈನ್ಯ ಮುತ್ತಿದ ಊರೊಂದನ್ನು ವಿಧವೆಯೊಬ್ಬಳು ಕಾಪಾಡಿದ ಬೈಬಲಿನ ಕಥೆ. ತುರ್ಕರ ದಾಳಿಗಳ ಭಯದಲ್ಲಿ ಅದೇ ಗೋಡೆಗಳ ಮರೆಯಲ್ಲಿ ಬದುಕುತ್ತಿದ್ದ ಊರಿನವರಿಗೆ ಆ ಕಥೆ ಪುರಾಣವಾಗಿ ಮಾತ್ರ ಕೇಳಿಸಿರಲಾರದು. ಅದೇ ಮರುಲಿಚನು ಪ್ರಾಚೀನ ಶಾಸನಗಳನ್ನು ಸಂಗ್ರಹಿಸಿ ವ್ಯಾಖ್ಯಾನ ಬರೆದನು. ಸಲೋನದ ಕಲ್ಬರಹಗಳೂ ಅದರಲ್ಲಿ ಸೇರಿವೆ. ಅವಶೇಷಗಳ ನಡುವೆ ಬಾಳುವವರಿಗೆ ಅವುಗಳ ಬೆಲೆ ತಿಳಿಯದು, ದೂರದಿಂದ ಬಂದ ವಿದ್ವಾಂಸನೇ ತಿಳಿಸಬೇಕು ಎಂಬ ರೂಢಿಯ ಅಭಿಪ್ರಾಯಕ್ಕೆ ಆಡಮನು ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಇಲ್ಲಿ ಉತ್ತರವಿತ್ತು.

೬

ಪ್ರವಾಸಿಯ ದೃಷ್ಟಿ ಪುಸ್ತಕದಲ್ಲಿ ಮಾತ್ರ ಉಳಿಯುವುದಾದರೆ ವಿಮರ್ಶಕನು ಇಷ್ಟು ಚಿಂತಿಸಬೇಕಾಗಿರಲಿಲ್ಲ. ಅದು ಕಾಲಕ್ರಮದಲ್ಲಿ ಕಲ್ಲಿನ ಮೇಲೂ ಪ್ರಯೋಗವಾಗುತ್ತದೆ. ಆಸ್ಟ್ರಿಯದ ಆಳ್ವಿಕೆಯ ಕೊನೆಯ ದಶಕಗಳಲ್ಲಿ, ಅರಮನೆಯನ್ನು ಅದರ ರೋಮನ್ ರೂಪದಲ್ಲಿ ಬಿಡಿಸಿ ತೋರಿಸಲು ಸುತ್ತ ಹತ್ತಿಕೊಂಡಿರುವ ಮಧ್ಯಯುಗದ ಮತ್ತು ಅನಂತರದ ಕಟ್ಟಡಗಳನ್ನು ತೆಗೆದುಹಾಕಬೇಕೆಂಬ ವಾದ ಪ್ರಬಲವಾಯಿತು. ಆಡಮನ ಪೂರ್ಣಗೊಳಿಸಿದ ನಕ್ಷೆಗಳನ್ನು ನೆಲದ ಮೇಲೆ ನಿಜ ಮಾಡುವ ಪ್ರಯತ್ನವೆಂದು ಇದನ್ನು ಕರೆಯಬಹುದು. ವಿಯೆನ್ನಾದ ಕಲಾ ಇತಿಹಾಸಕಾರ ಆಲೋಯಿಸ್ ರೀಗ್ಲ್ ಸ್ಥಳಕ್ಕೆ ಹೋಗಿ ನೋಡಿ, ಅರಮನೆಯೊಳಗಿನ ಮಧ್ಯಯುಗದ ಮತ್ತು ಈಚಿನ ಸ್ಮಾರಕಗಳ ಪರವಾಗಿ ೧೯೦೩ರಲ್ಲಿ ವರದಿ ಪ್ರಕಟಿಸಿದನು. ಕಟ್ಟಡವೊಂದರ ಮೌಲ್ಯ ಅದು ಹುಟ್ಟಿದ ಗಳಿಗೆಯಲ್ಲಿ ಮಾತ್ರವಿಲ್ಲ, ಕಾಲ ಅದರ ಮೇಲೆ ಬಿಟ್ಟ ಗುರುತುಗಳಲ್ಲಿಯೂ ಇದೆ ಎಂಬುದು ಅದೇ ವರ್ಷ ಅವನು ಸ್ಮಾರಕಗಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದ ತತ್ತ್ವ. ೧೯೭೯ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅರಮನೆಯನ್ನಷ್ಟೇ ಸೇರಿಸದೆ ಅರಮನೆಯನ್ನೊಳಗೊಂಡ ಐತಿಹಾಸಿಕ ಪಟ್ಟಣವನ್ನು ಸೇರಿಸಿದ್ದು ಈ ತತ್ತ್ವಕ್ಕೆ ದೊರೆತ ಮನ್ನಣೆ.

ಪ್ರವಾಸ ಸಾಹಿತ್ಯದಲ್ಲಿ ಇದೇ ಬದಲಾವಣೆಯನ್ನು ರೆಬೆಕಾ ವೆಸ್ಟ್ ಎಂಬ ಇಂಗ್ಲಿಷ್ ಲೇಖಕಿಯ ಗ್ರಂಥದಲ್ಲಿ ಕಾಣುತ್ತೇವೆ. ಆಕೆ ೧೯೩೬ರಿಂದ ೧೯೩೮ರವರೆಗೆ ಮೂರು ಬಾರಿ ಯುಗೋಸ್ಲಾವಿಯದಲ್ಲಿ ಸಂಚರಿಸಿ ಬರೆದ ಬೃಹದ್ಗ್ರಂಥ, ಆ ದೇಶ ಜರ್ಮನರ ದಾಳಿಗೆ ತುತ್ತಾದ ೧೯೪೧ರಲ್ಲಿಯೇ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಅದರಲ್ಲಿ ಸ್ಪ್ಲಿಟ್ ಹಾಳುಬಿದ್ದ ಅರಮನೆಯಲ್ಲ, ಜನ ತುಂಬಿದ ಊರು. ಆಡಮನ ಮೂಲಕ ಇಲ್ಲಿಯ ಶೈಲಿ ಇಂಗ್ಲೆಂಡಿನ ಬೀದಿಗಳಿಗೆ ಹೋದ ಋಣವನ್ನೂ ಆಕೆ ನೆನೆಯುತ್ತಾಳೆ. ದುಬ್ರೊವ್ನಿಕ್ ನಗರದ ಅಚ್ಚುಕಟ್ಟು ಆಕೆಗೆ ಹಿಡಿಸಲಿಲ್ಲ. ಸ್ಪ್ಲಿಟ್ಟಿನ ಗಡಿಬಿಡಿ ಹಿಡಿಸಿತು. ಆದರೆ ಆಕೆಯ ದೃಷ್ಟಿಗೂ ಒಂದು ದೋಷವಿದೆ. ಎದುರಿಗೆ ಬಂದ ಪ್ರತಿಯೊಬ್ಬನೂ ಆಕೆಗೆ ಯಾವುದೋ ಶತಮಾನದ, ಯಾವುದೋ ಸಾಮ್ರಾಜ್ಯದ ಪ್ರತಿನಿಧಿಯಾಗಿ ಕಾಣುತ್ತಾನೆ. ಕೆಲವು ಜನಾಂಗಗಳ ಮೇಲೆ ಅತಿಯಾದ ಒಲವು, ಕೆಲವರ ಮೇಲೆ ಅಷ್ಟೇ ಅತಿಯಾದ ಅಸಹನೆ ಗ್ರಂಥದಲ್ಲೆಲ್ಲ ಹರಡಿದೆ. ಆಡಮನು ಜನರನ್ನು ಅಳಿಸಿದನು, ಫೋರ್ಟಿಸನು ಪ್ರದರ್ಶಿಸಿದನು, ವೆಸ್ಟ್ ಅವರಿಂದ ತನ್ನ ಇತಿಹಾಸದರ್ಶನವನ್ನು ನುಡಿಸಿದಳು. ಮೂವರಲ್ಲಿ ಆಕೆ ಜನರ ಮಾತನ್ನು ಹೆಚ್ಚು ಕೇಳಿಸಿಕೊಂಡವಳೆಂಬುದು ನಿಜ; ಕೇಳಿದ್ದನ್ನು ತನ್ನ ಸಿದ್ಧಾಂತಕ್ಕೆ ಹೊಂದಿಸಿಕೊಂಡವಳೆಂಬುದೂ ನಿಜ.

೭

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಹಾಗಾದರೆ ಊರಿನವನ ಮಾತೇ ಪ್ರಮಾಣವೇ? ಹೊರಗಿನವನು ಬರೆಯಲೇ ಬಾರದೆ? ನಮ್ಮ ಅಭಿಪ್ರಾಯ ಹಾಗಲ್ಲ. ತೋಮಾನು ಐತಿಹ್ಯವನ್ನು ಇತಿಹಾಸದೊಡನೆ ಬೆರೆಸಿದ್ದಾನೆ. ಲೊವ್ರಿಚನು ಸ್ವಾಭಿಮಾನದಿಂದ ಕೆಲವೆಡೆ ಮಿತಿ ಮೀರಿದ್ದಾನೆ. ಮಧ್ಯಯುಗದ ಮನೆಗಳನ್ನು ತೆಗೆಯಬೇಕೆಂದವರಲ್ಲಿ ಊರಿನ ವಿದ್ವಾಂಸರೂ ಇದ್ದರು, ಅವನ್ನು ಉಳಿಸಬೇಕೆಂದ ರೀಗ್ಲ್ ಹೊರಗಿನಿಂದ ಬಂದವನು. ಒಳಗಿನವನಾಗಿರುವುದು ಗುಣವಲ್ಲ, ಹೊರಗಿನವನಾಗಿರುವುದು ದೋಷವಲ್ಲ. ಗ್ರಂಥವು ತಾನು ವರ್ಣಿಸುವವರ ಮರುಮಾತಿಗೆ ಎಡೆಗೊಡುತ್ತದೆಯೇ ಇಲ್ಲವೇ ಎಂಬುದೇ ಪರೀಕ್ಷೆ. ರೀಗ್ಲನ ವರದಿ ಆ ಎಡೆಯನ್ನು ಕೊಡುತ್ತದೆ, ಏಕೆಂದರೆ ಅನಂತರದವರು ಕಟ್ಟಿದ ಗೋಡೆಯನ್ನೂ ಅದು ಸಾಕ್ಷಿಯೆಂದು ಸ್ವೀಕರಿಸುತ್ತದೆ. ಆಡಮನ ನಕ್ಷೆ ಕೊಡುವುದಿಲ್ಲ.

ಈ ಪರೀಕ್ಷೆ ಇಂದು ಎಂದಿಗಿಂತ ಹೆಚ್ಚು ಅವಶ್ಯಕವಾಗಿದೆ. ಈಗ ಸ್ಪ್ಲಿಟ್ಟಿಗೆ ಹೋಗುವವನನ್ನು ಗೂಢಚಾರನೆಂದು ಶ‌ಂಕಿಸುವವರಿಲ್ಲ. ಅವನು ಚಿನ್ನದ ಬಾಗಿಲಿನಿಂದ ಹೊಕ್ಕು, ಕಂಬಸಾಲಿನ ಅಂಗಳವನ್ನು ದಾಟಿ, ನೆಲಮಾಳಿಗೆಯ ಮೂಲಕ ಕಡಲ ಮುಂದಣ ವಿಹಾರಪಥಕ್ಕೆ ಕೆಲವೇ ನಿಮಿಷಗಳಲ್ಲಿ ಇಳಿಯಬಹುದು. ಅವನಂಥವರು ಬೇಸಗೆಯಲ್ಲಿ ಲೆಕ್ಕವಿಲ್ಲದಷ್ಟು ಬರುತ್ತಾರೆ. ಅವರ ತಂಗುವಿಕೆಗಾಗಿ ಗೋಡೆಯೊಳಗಣ ಮನೆಗಳು ಒಂದೊಂದಾಗಿ ಬಾಡಿಗೆಯ ಕೋಣೆಗಳಾಗಿ ಮಾರ್ಪಡುತ್ತಿವೆ. ಅಲ್ಲಿ ವರ್ಷವಿಡೀ ಬಾಳುವವರ ಸಂಖ್ಯೆ ಇಳಿಯುತ್ತ ಬಂದಿದೆ. ಆವಾರರಿಂದ ತಪ್ಪಿಸಿಕೊಂಡು ಬಂದವರು ಹದಿಮೂರು ಶತಮಾನಗಳ ಹಿಂದೆ ಹೊತ್ತಿಸಿದ ಒಲೆಗಳು, ಊರನ್ನು ನೋಡಿ ಸಂತೋಷಪಡಲು ಬಂದವರಿಂದಾಗಿ ಆರುತ್ತಿವೆ. ಆಡಮನು ಕಾಗದದ ಮೇಲೆ ತೆರವು ಮಾಡಿದ ಅರಮನೆಯನ್ನು ಇಂದಿನ ಪ್ರವಾಸಿಗಳು ಯಾವ ದುರುದ್ದೇಶವೂ ಇಲ್ಲದೆ ನಿಜವಾಗಿಯೇ ತೆರವು ಮಾಡಬಹುದು.

ಪ್ರವಾಸ ಗ್ರಂಥಗಳನ್ನು ಪಠ್ಯವಾಗಿ ಓದಿಸುವ ಅಧ್ಯಾಪಕರೂ, ಮುಂದೆ ತಾವೇ ಅಂಥ ಗ್ರಂಥ ಬರೆಯಬಹುದಾದ ವಿದ್ಯಾರ್ಥಿಗಳೂ, ಈ ಸಾಲಿನ ಗ್ರಂಥಗಳಿಂದ ಕಲಿಯಬಹುದಾದದ್ದು ಇಷ್ಟು. ಯಾವುದೇ ಪ್ರಾಚೀನ ಸ್ಥಳದ ವರ್ಣನೆಯನ್ನು ಓದುವಾಗ, ಅಲ್ಲಿ ಬೆಳಗ್ಗೆ ಬಾಗಿಲು ತೆರೆದು ನೀರು ಚೆಲ್ಲುವವರು ಯಾರು, ಗ್ರಂಥದಲ್ಲಿ ಅವರಿಗೆ ಮಾತಿದೆಯೇ, ಆ ಮಾತಿನಿಂದ ಗ್ರಂಥಕರ್ತನ ಅಭಿಪ್ರಾಯ ಎಲ್ಲಿಯಾದರೂ ತಿದ್ದಿಕೊಂಡಿದೆಯೇ ಎಂದು ವಿಚಾರಿಸಬೇಕು. ಸ್ಪ್ಲಿಟ್ಟನ್ನು ಕುರಿತ ಗ್ರಂಥಗಳಲ್ಲಿ ಅತ್ಯಂತ ಸುಂದರವಾದುದು ಆಡಮನದು. ಅತ್ಯಂತ ಸಮೃದ್ಧವಾದುದು ವೆಸ್ಟಳದು. ಆದರೆ ಅವುಗಳ ಜೊತೆಗೆ, ಬುರುಜಿನಲ್ಲಿ ಯಾರಿದ್ದರು, ನೆಲಮಾಳಿಗೆಯಲ್ಲಿ ಯಾರಿದ್ದರು ಎಂದು ಬರೆದಿಟ್ಟ ಹದಿಮೂರನೆಯ ಶತಮಾನದ ಪಾದ್ರಿಯ ಪುಟವನ್ನೂ, ಸಿನ್ ಊರಿನ ತರುಣನ ಆಕ್ಷೇಪಣೆಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡು ಓದಿದಾಗಲೇ ಆ ಊರು ಪೂರ್ಣವಾಗಿ ನಮ್ಮ ಕಣ್ಣಿಗೆ ಬೀಳುತ್ತದೆ.